ಗಾಜಿನ ಡಬ್ಬ ಅಂತ ಬೈಯೋ ಮುಂಚೆ: 1950-60ರ ದಶಕದ ಆಫೀಸ್ ಟವರ್‌ಗಳ ಬಗ್ಗೆ ಸ್ವಲ್ಪ ಮಾತಾಡೋಣ

ಕಂಬ_ತೊಲೆ:

ಐವತ್ತರ ದಶಕದ ಆಫೀಸ್ ಟವರ್‌ಗಳೆಲ್ಲಾ ಒಂದೇ ಥರ, ಗಾಜಿನ ಡಬ್ಬಗಳು, ಒಂದು ನೋಡಿದ್ರೆ ಎಲ್ಲಾ ನೋಡಿದ ಹಾಗೆ ಅನ್ನೋ ಮಾತು ತುಂಬಾ ಕಡೆ ಕೇಳ್ತೀನಿ. ನಂಗೆ ಇದು ಸುತಾರಾಂ ಒಪ್ಪಿಗೆ ಇಲ್ಲ. ಎಲ್ಲರೂ ಕತ್ತೆತ್ತಿ ಮೇಲಕ್ಕೇ ನೋಡ್ತಾರೆ, ಅದಕ್ಕೇ ಹಾಗನ್ಸುತ್ತೆ. ಈ ಕಟ್ಟಡಗಳ ಅಸಲಿ ಕೆಲಸ ಇರೋದು ಕೆಳಗಡೆ, ಫುಟ್‌ಪಾತ್ ಮುಗಿದು ಕಟ್ಟಡ ಶುರುವಾಗೋ ಜಾಗದಲ್ಲಿ, ಆಮೇಲೆ ಮೂಲೆಯಲ್ಲಿ, ಎರಡು ಗೋಡೆ ಬಂದು ಸೇರೋ ಕಡೆ. ಅವೆರಡನ್ನ ನೋಡಿದ್ರೆ ಸಾಕು, ಯಾವ್ದು ಯೋಚನೆ ಮಾಡಿ ಕಟ್ಟಿದ್ದು ಯಾವ್ದು ನಕಲು ಅಂತ ತಾನಾಗೇ ಗೊತ್ತಾಗುತ್ತೆ.

ನ್ಯೂಯಾರ್ಕ್‌ನ ಪಾರ್ಕ್ ಅವೆನ್ಯೂನೇ ತಗೊಳ್ಳಿ. 1952ರಲ್ಲಿ ಲಿವರ್ ಹೌಸ್ ಎದ್ದಾಗ ಅಕ್ಕಪಕ್ಕ ಎಲ್ಲಾ ಕಲ್ಲು ಇಟ್ಟಿಗೆಯ ಕಟ್ಟಡಗಳು, ರಸ್ತೆ ಅಂಚಿಗೇ ಒತ್ಕೊಂಡು ಸಾಲಾಗಿ ನಿಂತಿದ್ವು. ಸ್ಕಿಡ್‌ಮೋರ್ ಓವಿಂಗ್ಸ್ ಮೆರಿಲ್ (ಎಸ್‌ಓಎಂ) ಕಂಪನಿಯವರು ಏನ್ ಮಾಡಿದ್ರು ಅಂದ್ರೆ ನೆಲಮಟ್ಟದ ಬಹುಪಾಲನ್ನ ಹಾಗೇ ತೆರೆದು ಬಿಟ್ರು, ಒಂದು ತಗ್ಗಾದ ಅಗಲದ ಮಹಡಿನ ಕಂಬಗಳ ಮೇಲೆ ಎತ್ತಿಟ್ರು, ಅದರ ನಡುವೆ ಆಕಾಶ ಕಾಣೋ ಅಂಗಳ, ಮೇಲೆ ಒಂದು ಬದಿಗೆ ನೀಲಿ-ಹಸಿರು ಗಾಜಿನ 24 ಅಂತಸ್ತಿನ ತೆಳು ಟವರ್, ಅದೂ ರಸ್ತೆಗೆ ಎದೆ ಕೊಟ್ಟು ನಿಲ್ಲದೆ ಅಡ್ಡಕ್ಕೆ ತಿರುಗಿ ನಿಂತಿದೆ. ಹಾಗಾಗಿ ರಸ್ತೆಗೆ ಬೆಳಕು ಬರುತ್ತೆ, ನಡ್ಕೊಂಡು ಹೋಗೋರು ಕಟ್ಟಡದ ಕೆಳಗೇ ನುಸುಳಿ ಹೋಗಬಹುದು.

ಅದರ ಓರೆ ಎದುರಿಗೆ 1958ರಲ್ಲಿ ಸೀಗ್ರಾಮ್ ಕಟ್ಟಡ ಬಂತು, ಮೀಸ್ ವಾನ್ ಡರ್ ರೋಹ್ ಮತ್ತು ಫಿಲಿಪ್ ಜಾನ್ಸನ್ ಸೇರಿ ಮಾಡಿದ್ದು. 38 ಅಂತಸ್ತು, 157 ಮೀಟರ್ ಎತ್ತರ. ಇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು, ಇಡೀ ಕಟ್ಟಡವನ್ನ ರಸ್ತೆಯಿಂದ 90 ಅಡಿ ಹಿಂದಕ್ಕೆ ತಗೊಂಡ್ರು. ಊರಲ್ಲೇ ಅತಿ ದುಬಾರಿ ಜಾಗಗಳಲ್ಲಿ ಒಂದು, ಅಲ್ಲಿ ಇಷ್ಟು ನೆಲನ ಗ್ರಾನೈಟ್ ಹಾಸಿ ಖಾಲಿ ಬಿಡೋದು ಅಂದ್ರೆ ಮಾಲೀಕರಿಗೆ ಎಷ್ಟು ಗಟ್ಟಿ ಮನಸ್ಸು ಬೇಕು ಯೋಚ್ನೆ ಮಾಡಿ. ಆ ಖಾಲಿ ಜಾಗ ಇರೋದ್ರಿಂದಲೇ ಕಟ್ಟಡ ಬುಡದಿಂದ ತುದಿವರೆಗೆ ಒಂದೇ ನೋಟಕ್ಕೆ ಸಿಗುತ್ತೆ, ಇಲ್ಲಾಂದ್ರೆ ಅಂಥ ಇಕ್ಕಟ್ಟಿನ ರಸ್ತೇಲಿ ಯಾವ ಟವರನ್ನೂ ಪೂರ್ತಿ ನೋಡೋಕೆ ಆಗಲ್ಲ.

ನಾನು ಹೇಳೋದು ಇಷ್ಟೇ, ಆಮೇಲೆ ಬಂದ ಸಾವಿರಾರು ಟವರ್‌ಗಳು ಇವುಗಳಿಂದ ಗಾಜನ್ನ ಮಾತ್ರ ತಗೊಂಡ್ವು, ಯಾಕಂದ್ರೆ ಅದು ಅಗ್ಗ. ಖಾಲಿ ನೆಲ, ದಪ್ಪ ಲೋಹ, ಒಂದೊಂದು ಜೋಡಣೆಗೂ ಕೂತು ಮಾಡಿದ ಡ್ರಾಯಿಂಗ್, ಇವು ಖರ್ಚಿನ ಬಾಬ್ತು, ಇವನ್ನ ಬಿಟ್ಟುಬಿಟ್ವು. ನಕಲು ನೋಡಿ ಮೂಲಕ್ಕೆ ಬೈಯೋದು ಅನ್ಯಾಯ. ನಿಮ್ಮ ಅಭಿಪ್ರಾಯ ಹೇಳಿ.

ನೆರಳುಬೆಳಕು:

ಸರ್ ಬರಹ ಚೆನ್ನಾಗಿದೆ, ಆದ್ರೆ ನೀವು ಹೊರಗಿಂದ ನೋಡ್ತಿದೀರ. ನಾನು ಆ ಕಾಲದ ಗಾಜಿನ ಟವರ್ ಒಂದರಲ್ಲಿ ಪಶ್ಚಿಮದ ಕಡೆ ಡೆಸ್ಕ್‌ನಲ್ಲಿ ಕೂತು ಕೆಲಸ ಮಾಡಿದೀನಿ. ಮಧ್ಯಾಹ್ನ ಮೂರರ ಮೇಲೆ ಸ್ಕ್ರೀನ್ ಕಾಣಲ್ಲ, ಬೆನ್ನು ಸುಡುತ್ತೆ, ಅದೇ ಹೊತ್ತಿಗೆ ಒಳಗಡೆ ಕೋರ್ (ಲಿಫ್ಟು, ಮೆಟ್ಟಿಲು ಇರೋ ನಡುಭಾಗ) ಪಕ್ಕ ಕೂತೋರು ಎಸಿ ಚಳಿಗೆ ಸ್ವೆಟರ್ ಹಾಕ್ಕೊಂಡಿರ್ತಾರೆ, ಕಿಟಕಿ ತೆಗೆಯೋಣ ಅಂದ್ರೆ ತೆಗೆಯೋ ಕಿಟಕಿನೇ ಇಲ್ಲ. ಪ್ಲಾಜಾ, ಅಂದ್ರೆ ಮುಂದಿನ ಆ ಖಾಲಿ ಅಂಗಳ, ಎಷ್ಟೇ ಚಂದ ಇರ್ಲಿ, ದಿನಕ್ಕೆ ಎಂಟು ಗಂಟೆ ಒಳಗಿರೋರ ಕಥೆ ಏನು?

ಇನ್ನೊಂದು, ನಕಲು ಮಾತ್ರ ಕೆಟ್ಟದ್ದು ಮೂಲ ಎಲ್ಲಾ ಒಳ್ಳೇದು ಅನ್ನೋದನ್ನೂ ನಾನು ಒಪ್ಪಲ್ಲ. ನ್ಯೂಯಾರ್ಕ್‌ನವರು ಕಟ್ಟಡಗಳ ಎನರ್ಜಿ ಸ್ಟಾರ್ ಅಂಕ (ಇಂಧನ ಎಷ್ಟು ಮಿತವಾಗಿ ಬಳಸುತ್ತೆ ಅನ್ನೋದರ ಅಂಕ) ಬಹಿರಂಗ ಮಾಡಿದಾಗ ಸೀಗ್ರಾಮ್‌ಗೆ ಬಂದಿದ್ದು ನೂರಕ್ಕೆ 3. ಮೂರು! ವಿಶ್ವಸಂಸ್ಥೆಯ ಸೆಕ್ರೆಟೇರಿಯಟ್ ಟವರ್ ನೋಡಿ, ಅಗಲವಾದ ಎರಡು ಗಾಜಿನ ಮುಖ ಪೂರ್ವಕ್ಕೊಂದು ಪಶ್ಚಿಮಕ್ಕೊಂದು, ಬಿಸಿಲು ತಡೀಬಹುದಾದ ಅಮೃತಶಿಲೆಯ ಗಟ್ಟಿ ಗೋಡೆ ಉತ್ತರ ದಕ್ಷಿಣದ ಕಿರಿದಾದ ಬದಿಗೆ. ಸೂರ್ಯ ಎಲ್ಲಿ ಹುಟ್ತಾನೆ ಎಲ್ಲಿ ಮುಳುಗ್ತಾನೆ ಅನ್ನೋದನ್ನೇ ಲೆಕ್ಕಕ್ಕೆ ತಗೊಂಡಿಲ್ಲ. ಅದರ ವಿನ್ಯಾಸ ತಂಡದಲ್ಲಿದ್ದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ಹೊರಗಡೆ ಬಿಸಿಲು ತಡೆಯೋ ಹಲಗೆ ಹಾಕಿ ಅಂತ ಪಟ್ಟು ಹಿಡಿದ್ರೂ ಹಾಕ್ಲಿಲ್ಲ.

ಗಾಜುಗೋಡೆ:

ನಾನು ಫಸಾಡ್ (ಕಟ್ಟಡದ ಹೊರಮುಖ) ಇಂಜಿನಿಯರ್, ಹಳೇ ಕರ್ಟನ್ ವಾಲ್ ರಿಪೇರಿ ನನ್ನ ಹೊಟ್ಟೆಪಾಡು, ಹಾಗಾಗಿ ಎರಡೂ ಕಡೆಗೂ ಸ್ವಲ್ಪ ಹೇಳ್ತೀನಿ.

ಮೊದ್ಲು ಕರ್ಟನ್ ವಾಲ್ ಅಂದ್ರೇನು ಅಂತ ಗೊತ್ತಿಲ್ಲದೋರಿಗೆ. ಕಟ್ಟಡದ ಭಾರ ಎಲ್ಲಾ ಕಂಬ-ತೊಲೆ ಹೊರುತ್ತೆ, ಹೊರಗೋಡೆಗೆ ಆ ಕೆಲಸ ಇಲ್ಲ. ಅದು ಪ್ರತಿ ಅಂತಸ್ತಿನ ಸ್ಲ್ಯಾಬ್ ಅಂಚಿಗೆ ನೇತುಬಿದ್ದಿರುತ್ತೆ, ತನ್ನ ತೂಕ ಮತ್ತೆ ಗಾಳಿ ಒತ್ತಡ ತಡ್ಕೊಂಡ್ರೆ ಆಯ್ತು. ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾಲಿಡೀ ಬಿಲ್ಡಿಂಗ್‌ನಲ್ಲಿ 1918ರಲ್ಲೇ ಇದನ್ನ ಮಾಡಿದ್ರು. ಹಾಗಾದ್ರೆ ಐವತ್ತರವರೆಗೆ ಯಾಕೆ ಕಾಯಬೇಕಾಯ್ತು? ಎಸಿ ಮತ್ತು ಟ್ಯೂಬ್‌ಲೈಟ್. ಅದಕ್ಕೂ ಮುಂಚೆ ಗಾಳಿ ಬೆಳಕು ಎರಡೂ ಕಿಟಕಿಯಿಂದಲೇ ಬರಬೇಕಿತ್ತು, ಹಾಗಾಗಿ ಡೆಸ್ಕು ಕಿಟಕಿಯಿಂದ ತುಂಬಾ ದೂರ ಇಡೋಕೆ ಆಗ್ತಿರಲಿಲ್ಲ. ಹಳೇ ದೀಪ ಜಾಸ್ತಿ ಹಾಕಿದ್ರೆ ಒಳಗೆ ಸೆಖೆ. 1938ರ ಹೊತ್ತಿಗೆ ಫ್ಲೋರೊಸೆಂಟ್ ದೀಪ ಮಾರ್ಕೆಟ್‌ಗೆ ಬಂತು, ಕಮ್ಮಿ ಬಿಸಿ ಜಾಸ್ತಿ ಬೆಳಕು, ಯುದ್ಧ ಮುಗಿದ ಮೇಲೆ ಎಸಿ ಎಲ್ಲರ ಕೈಗೆಟುಕ್ತು, ಅಲ್ಯೂಮಿನಿಯಂ ಕಾರ್ಖಾನೆಗಳು ವಿಮಾನ ಬಿಟ್ಟು ಬೇರೆ ಗಿರಾಕಿ ಹುಡುಕ್ತಿದ್ವು. ಪೋರ್ಟ್‌ಲ್ಯಾಂಡ್‌ನಲ್ಲಿ 1948ರಲ್ಲಿ ಪಿಯೆಟ್ರೊ ಬೆಲುಸ್ಕಿ ಮಾಡಿದ ಈಕ್ವಿಟಬಲ್ ಬಿಲ್ಡಿಂಗ್‌ನಲ್ಲಿ ಇವೆಲ್ಲಾ ಒಟ್ಟಿಗೆ ಬಂದ್ವು: ಪೂರ್ತಿ ಸೀಲ್, ಪೂರ್ತಿ ಎಸಿ, ಅಲ್ಯೂಮಿನಿಯಂ ಹೊದಿಕೆ, ಅದರಲ್ಲೂ ಗಮನಿಸಿ, ಎರಡು ಪದರದ ಗಾಜು. ಲಿವರ್ ಹೌಸ್‌ಗೆ ನಾಲ್ಕು ವರ್ಷ ಮುಂಚೆ!

ನೆರಳುಬೆಳಕು ಮೇಡಂ ಹೇಳಿದ ಬಿಸಿಲಿನ ತೊಂದರೆ ನಿಜ. ಆದ್ರೆ ರಿಪೇರಿ ಮಾಡೋ ನಮಗೆ ಬಿಸಿಲಿಗಿಂತ ದೊಡ್ಡ ಶತ್ರು ನೀರು. ಲಿವರ್ ಹೌಸ್‌ನ ಒಳ ಚೌಕಟ್ಟು ಸಾದಾ ಉಕ್ಕು, ಮೇಲೆ ಕಾಣೋದು ಮಾತ್ರ ಸ್ಟೇನ್‌ಲೆಸ್. ಜೋಡಣೆಯಲ್ಲಿ ನೀರು ಇಳೀತು, ಒಳಗಿನ ಉಕ್ಕು ತುಕ್ಕು ಹಿಡಿದು ಉಬ್ಬಿತು, ಉಬ್ಬಿದ ಉಕ್ಕು ಗಾಜನ್ನ ಒತ್ತಿ ಸೀಳ್ತು. ಒಡೆದಾಗೆಲ್ಲ ಸಿಕ್ಕ ಗಾಜು ಹಾಕಿ ಹಾಕಿ, ತೊಂಬತ್ತರ ದಶಕಕ್ಕೆ ಗೋಡೆ ತುಂಬಾ ಬಣ್ಣ ಬಣ್ಣದ ತೇಪೆ. 1982ರಲ್ಲೇ ಅದಕ್ಕೆ ಲ್ಯಾಂಡ್‌ಮಾರ್ಕ್ ರಕ್ಷಣೆ ಸಿಕ್ಕಿತ್ತು, ಕೆಡವೋ ಹಾಗಿಲ್ಲ. ಕೊನೆಗೆ 2001ರ ಹೊತ್ತಿಗೆ ಅದೇ ಎಸ್‌ಓಎಂ ಕಂಪನಿಯವರೇ ಇಡೀ ಗೋಡೆ ಕಿತ್ತು ಹೊಸದು ಹಾಕಿದ್ರು, ಒಳಗೆ ಉಕ್ಕಿನ ಬದಲು ಅಲ್ಯೂಮಿನಿಯಂ, ಹೊರಗೆ ನೋಡೋಕೆ ಮಾತ್ರ ಮೊದಲಿನ ಹಾಗೇ.

ಆ ಕಾಲದವರು ಹೊರಮುಖದಲ್ಲೇ ಸೀಲಂಟ್ (ಸಂದು ಮುಚ್ಚೋ ಅಂಟು) ಹಾಕಿ ನೀರು ತಡೀತೀವಿ ಅಂತ ನಂಬಿದ್ರು. ಆದ್ರೆ ಲೋಹ ಸುಮ್ನೆ ಇರಲ್ಲ. ಲೆಕ್ಕ ಹಾಕಿ ನೋಡಿ: ಒಂದು ಅಂತಸ್ತಿನ ಎತ್ತರ 3.6 ಮೀಟರ್ ಅಂದ್ಕೊಳ್ಳಿ, ಚಳಿಗಾಲಕ್ಕೂ ಬೇಸಿಗೆಗೂ ಲೋಹದ ತಾಪಮಾನದಲ್ಲಿ 40 ಡಿಗ್ರಿ ವ್ಯತ್ಯಾಸ ಇಡಿ, ಅಲ್ಯೂಮಿನಿಯಂ ಮುಲಿಯನ್ (ಗಾಜುಗಳ ನಡುವಿನ ನಿಲುವು ಪಟ್ಟಿ) ಸುಮಾರು 3.3 ಮಿಲಿಮೀಟರ್ ಉದ್ದ ಗಿಡ್ಡ ಆಗುತ್ತೆ. ಪ್ರತಿ ಅಂತಸ್ತಲ್ಲೂ, ಪ್ರತಿ ವರ್ಷವೂ. ಯಾವ ಸೀಲಂಟ್ ಎಷ್ಟು ವರ್ಷ ತಡೆಯುತ್ತೆ? ಅರವತ್ತರ ದಶಕದಲ್ಲಿ ನಾರ್ವೆ, ಕೆನಡಾ ಕಡೆಯ ಸಂಶೋಧಕರು ಇದನ್ನ ತಿರುಗಾ ಮುರುಗಾ ಮಾಡಿದ್ರು, ನೀರು ಸ್ವಲ್ಪ ಒಳಗೆ ಬರ್ಲಿ ಬಿಡಿ, ಆದ್ರೆ ಒಳಗಿನ ಖಾನೆಯಲ್ಲಿ ಹೊರಗಿನಷ್ಟೇ ಗಾಳಿ ಒತ್ತಡ ಇರೋ ಹಾಗೆ ನೋಡ್ಕೊಳ್ಳಿ, ಆಗ ನೀರನ್ನ ಒಳಕ್ಕೆ ತಳ್ಳೋಕೆ ಏನೂ ಇರಲ್ಲ, ಬಂದಿದ್ದು ಹಾಗೇ ಕೆಳಗಿಳಿದು ತೂತಿಂದ ಹೊರಗೆ ಹೋಗುತ್ತೆ. ಇವತ್ತು ನಾವು ಮಾಡೋ ಗೋಡೆಗಳೆಲ್ಲಾ ಹೆಚ್ಚುಕಮ್ಮಿ ಇದೇ ತತ್ವದ್ದು.

ಬಿಆರ್ಕ್_ಮೂರನೇವರ್ಷ:

ಸರ್ ಸೀಗ್ರಾಮ್ ಬಗ್ಗೆ ಒಂದು ಡೌಟ್. ಹೊರಗಡೆ ಮೇಲಿಂದ ಕೆಳಗಿನವರೆಗೆ ಕಂಚಿನ ಐ-ಬೀಮ್ (ಇಂಗ್ಲಿಷ್ I ಆಕಾರದ ಲೋಹದ ತೊಲೆ) ಓಡುತ್ತಲ್ಲ, ಅದು ಏನೂ ಭಾರ ಹೊರಲ್ಲ, ಬರೀ ಅಲಂಕಾರ ಅಂತ ನಮ್ ಕ್ಲಾಸಲ್ಲಿ ಹೇಳಿದ್ರು. ಅಲಂಕಾರ ಬೇಡ, ಸ್ಟ್ರಕ್ಚರ್ ಪ್ರಾಮಾಣಿಕವಾಗಿ ಕಾಣಬೇಕು ಅಂತ ಹೇಳ್ತಿದ್ದೋರೇ ಹೀಗೆ ಮಾಡಿದ್ರೆ ಅದು ಮೋಸ ಅಲ್ವಾ?

ಕಂಬ_ತೊಲೆ:

ಒಳ್ಳೇ ಪ್ರಶ್ನೆ ಮರಿ, ಇದರ ಮೇಲೆ ಅರವತ್ತು ವರ್ಷದಿಂದ ಜಗಳ ನಡೀತಿದೆ. ಅಸಲಿ ಉಕ್ಕಿನ ಕಂಬ ತೊಲೆ ಇದಾವೆ, ಆದ್ರೆ ಬೆಂಕಿ ನಿಯಮದ ಪ್ರಕಾರ ಅವನ್ನ ಕಾಂಕ್ರೀಟಲ್ಲಿ ಮುಚ್ಚಲೇಬೇಕು, ಯಾಕಂದ್ರೆ ಉಕ್ಕು ಬೆಂಕಿಗೆ ಬೇಗ ಮೆತ್ತಗಾಗುತ್ತೆ. ಅಂದ್ಮೇಲೆ ಸ್ಟ್ರಕ್ಚರನ್ನ ನೇರವಾಗಿ ತೋರ್ಸೋ ದಾರಿನೇ ಮುಚ್ಚಿಹೋಯ್ತು. ಮೀಸ್ ಆಯ್ಕೆ ಮಾಡಿದ್ದು ಏನು ಅಂದ್ರೆ, ಒಳಗೆ ಮುಚ್ಚಿಟ್ಟಿದ್ದರ ಲಯ ಹೊರಗೆ ಕಾಣಿಸೋದು. ಹಾಗಂತ ಆ ಐ-ಬೀಮ್‌ಗೆ ಏನೂ ಕೆಲಸ ಇಲ್ಲ ಅನ್ನೋದು ತಪ್ಪು, ಅದು ಮುಲಿಯನ್‌ನ ಗಾಳಿಗೆ ಬಾಗದ ಹಾಗೆ ಗಟ್ಟಿ ಮಾಡುತ್ತೆ. ಮುಖ್ಯ ವಿಷಯ ನೆರಳು. ಬರೀ ಚಪ್ಪಟೆ ಗಾಜಿನ ಗೋಡೆ ಆಗಿದ್ದಿದ್ರೆ ಓರೆಯಿಂದ ನೋಡಿದಾಗ ಏನೂ ಕಾಣ್ತಿರಲಿಲ್ಲ. ಈ ಏಣುಗಳು ಹೊರಕ್ಕೆ ಚಾಚಿರೋದ್ರಿಂದ ನೀವು ನಡೀತಾ ಹೋದ ಹಾಗೆ ಗಾಜು ನಿಧಾನವಾಗಿ ಮರೆಯಾಗಿ ಇಡೀ ಮುಖ ಕಂಚಿನ ಗೋಡೆ ಆಗುತ್ತೆ. ಮೂಲೆಗೆ ಬನ್ನಿ, ಅಲ್ಲಿ ಕಂಬವನ್ನ ಗಾಜಿನ ಹಿಂದೆ ಅಡಗಿಸದೆ ಕಂಚು ಹೊದಿಸಿ ಬೇರೆಯಾಗಿ ಕಾಣೋ ಹಾಗೆ ಬಿಟ್ಟಿದಾರೆ, ಎರಡು ಬದಿಯ ಏಣುಗಳು ಅದಕ್ಕೆ ಮುಂಚೆನೇ ನಿಲ್ತಾವೆ. ನಕಲುಗಳಲ್ಲಿ ಮೂಲೆ ನೋಡಿ, ಎರಡು ಗಾಜು ತಂದು ಒಂದು ಪಟ್ಟಿ ಬಡಿದಿರ್ತಾರೆ ಅಷ್ಟೇ.

ಇಡೀ ಕಟ್ಟಡ 4 ಅಡಿ ಏಳೂವರೆ ಇಂಚಿನ ಒಂದೇ ಅಳತೆ ಮೇಲೆ ನಿಂತಿದೆ. ಆರು ಸಲ ಆ ಅಳತೆ ಇಟ್ರೆ ಒಂದು ಕಂಬದಿಂದ ಇನ್ನೊಂದು ಕಂಬ. ಮುಲಿಯನ್, ಸೀಲಿಂಗ್ ದೀಪ, ಒಳಗಿನ ಪಾರ್ಟಿಶನ್, ಕೊನೆಗೆ ಪ್ಲಾಜಾದ ಕಲ್ಲುಹಾಸಿನ ಗೆರೆ ಕೂಡಾ ಅದಕ್ಕೇ ಕೂರುತ್ತೆ. ಕಿಟಕಿ ಪರದೆ ಗೊತ್ತಾ? ಬೇಕಾಬಿಟ್ಟಿ ಎಳೆದ್ರೆ ಹೊರಗಿಂದ ಚೆಲ್ಲಾಪಿಲ್ಲಿ ಕಾಣುತ್ತೆ ಅಂತ ಮೂರೇ ಸ್ಥಾನದಲ್ಲಿ ನಿಲ್ಲೋ ಹಾಗೆ ಮಾಡಿದಾರೆ: ಪೂರ್ತಿ ಮೇಲೆ, ಅರ್ಧ, ಪೂರ್ತಿ ಕೆಳಗೆ. ಒಳಗಿರೋರ ಮೇಲೆ ಇದು ದಬ್ಬಾಳಿಕೆನೇ, ನಾನು ಒಪ್ತೀನಿ, ಆದ್ರೂ ಅಷ್ಟು ಕಾಳಜಿ ಮಾಡಿದ ಮನಸ್ಸು ನಂಗೆ ತುಂಬಾ ಇಷ್ಟ.

ನೆರಳುಬೆಳಕು:

ಅದೇ ನಾನು ಹೇಳಿದ್ದು ಸರ್. ಪರದೆ ಎಷ್ಟು ಎಳೀಬೇಕು ಅನ್ನೋದು ಬಿಸಿಲಲ್ಲಿ ಕೂತವರಿಗೆ ಬಿಡಬೇಕಾದ ವಿಷಯ. ರಸ್ತೆಯಿಂದ ನೋಡೋರಿಗೆ ಚಂದ ಕಾಣ್ಲಿ ಅಂತ ಒಳಗಿರೋರು ಯಾಕೆ ಕಣ್ಣು ಕಿರಿದು ಮಾಡ್ಕೊಂಡು ಕೂರಬೇಕು.

ಮಾಡೋಕೆ ಬರ್ತಿರಲಿಲ್ಲ ಅಂತಾನೂ ಅಲ್ಲ. ರಿಯೊ ಡಿ ಜನೈರೊದಲ್ಲಿ ಶಿಕ್ಷಣ ಮತ್ತು ಆರೋಗ್ಯ ಸಚಿವಾಲಯದ ಕಟ್ಟಡ, 1936ರಲ್ಲಿ ಶುರುವಾದ ಕೆಲಸ, ಲೂಸಿಯೊ ಕೋಸ್ತಾ, ಆಸ್ಕರ್ ನೀಮೆಯರ್ ಇದ್ದ ತಂಡ, ಲೆ ಕಾರ್ಬೂಸಿಯೇ ಸಲಹೆಗಾರ. ದಕ್ಷಿಣಾರ್ಧ ಗೋಳ ಆಗಿದ್ರಿಂದ ಅಲ್ಲಿ ಸೂರ್ಯ ಉತ್ತರದ ಕಡೆ, ಹಾಗಾಗಿ ಉತ್ತರ ಮುಖಕ್ಕೆ ಪೂರ್ತಿ ಅಡ್ಡ ಹಲಗೆಗಳು, ಒಳಗಿರೋರು ಬೇಕಾದ ಹಾಗೆ ಓರೆ ಮಾಡ್ಕೋಬಹುದು. ನೆರಳಿನ ದಕ್ಷಿಣ ಮುಖಕ್ಕೆ ಗಾಜು. ಕೆಳಗೆ ಎತ್ತರದ ಕಂಬಗಳು, ಜನ ಅಡಿಯಲ್ಲೇ ಓಡಾಡ್ತಾರೆ, ಬುರ್ಲೆ ಮಾರ್ಕ್ಸ್ ಮಾಡಿದ ತೋಟ, ಗೋಡೆಗೆ ನೀಲಿ ಬಿಳಿ ಟೈಲ್ಸ್ ಚಿತ್ರ. ಲಿವರ್ ಹೌಸ್‌ಗಿಂತ ಎಷ್ಟೋ ಮುಂಚೆ ಇದೆಲ್ಲಾ ಮಾಡಿ ಆಗಿತ್ತು. ಆಧುನಿಕ ಟವರ್ ಅಂದ ತಕ್ಷಣ ಪಾರ್ಕ್ ಅವೆನ್ಯೂ ಹೆಸರು ಬರುತ್ತೆ, ಇದರ ಹೆಸರು ಬರಲ್ಲ, ನಂಗೆ ಬೇಜಾರಾಗೋದು ಅದಕ್ಕೆ.

ಹಳೇನಕ್ಷೆ:

ನಾನು ನಗರ ಯೋಜನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಕಂಬ_ತೊಲೆಯವರು ನಕಲುಗಳು ಖಾಲಿ ನೆಲ ಬಿಡಲಿಲ್ಲ ಅಂದ್ರು, ಅದು ಪೂರ್ತಿ ಸರಿ ಅಲ್ಲ. ನ್ಯೂಯಾರ್ಕ್‌ನಲ್ಲಿ ನಕಲುಗಳು ಖಾಲಿ ನೆಲನೂ ಬಿಟ್ವು, ಬೇಕಾದಷ್ಟು ಬಿಟ್ವು, ತೊಂದರೆ ಶುರುವಾಗಿದ್ದೇ ಅಲ್ಲಿಂದ.

1915ರಲ್ಲಿ ಬ್ರಾಡ್‌ವೇಯಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಅಂತ ಬಂತು (ಪೋರ್ಟ್‌ಲ್ಯಾಂಡ್‌ನದಲ್ಲ, ಬೇರೆ), 38 ಅಂತಸ್ತು, ಸೈಟ್ ಅಂಚಿಂದ ನೆಟ್ಟಗೆ ಮೇಲಕ್ಕೆ, ಅಕ್ಕಪಕ್ಕದವರ ಬೆಳಕು ಪೂರ್ತಿ ನುಂಗಿಹಾಕ್ತು. ಆ ಗಲಾಟೆ ಕಾವಲ್ಲೇ 1916ರ ವಲಯ ನಿಯಮ ಬಂತು. ಮೇಲೆ ಹೋಗ್ತಾ ಹೋಗ್ತಾ ಹಿಂದೆ ಸರೀಬೇಕು, ಅದಕ್ಕೇ ಆ ಕಾಲದ ಟವರ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಇರೋದು. ಆದ್ರೆ ಒಂದು ವಿನಾಯಿತಿ ಇತ್ತು: ಸೈಟಿನ ಕಾಲು ಭಾಗದ ಮೇಲೆ ಮಾತ್ರ ಕಟ್ಟಿದ್ರೆ ಎಷ್ಟು ಎತ್ತರ ಬೇಕಾದ್ರೂ ನೇರವಾಗಿ ಹೋಗಬಹುದು. ಮಾಲೀಕರು ಅದನ್ನ ಬಳಸ್ತಿರಲಿಲ್ಲ ಯಾಕಂದ್ರೆ ಬಾಡಿಗೆ ಜಾಗ ಕಮ್ಮಿ ಆಗುತ್ತೆ. ಲಿವರ್ ಹೌಸ್, ಸೀಗ್ರಾಮ್ ಎರಡೂ ಆ ಕಾಲು ಭಾಗದ ದಾರಿ ಹಿಡಿದ್ವು, ಯಾಕಂದ್ರೆ ಎರಡೂ ಕಂಪನಿಗೂ ಬಾಡಿಗೆಗಿಂತ ಹೆಸರು ಮುಖ್ಯ ಆಗಿತ್ತು. ಲಿವರ್ ಅಂತೂ ಸೋಪಿನ ಕಂಪನಿ, ತಾರಸಿಯಿಂದ ತೊಟ್ಟಿಲು ಇಳಿಸಿ ಗಾಜು ತೊಳೆಯೋದೇ ಅವರಿಗೆ ಜಾಹೀರಾತು.

ಊರಿನವರಿಗೆ ಸೀಗ್ರಾಮ್ ಪ್ಲಾಜಾ ಎಷ್ಟು ಹಿಡಿಸ್ತು ಅಂದ್ರೆ 1961ರ ಹೊಸ ನಿಯಮದಲ್ಲಿ ಅದಕ್ಕೆ ಬಹುಮಾನ ಇಟ್ರು. ಅತಿ ದಟ್ಟಣೆಯ ವಲಯದಲ್ಲಿ ಒಂದು ಚದರ ಅಡಿ ಪ್ಲಾಜಾ ಬಿಟ್ರೆ ಹತ್ತು ಚದರ ಅಡಿ ಜಾಸ್ತಿ ಆಫೀಸ್ ಜಾಗ. ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಮಹಡಿ ಜಾಗ ಕಟ್ಟಬಹುದು ಅನ್ನೋ ಲೆಕ್ಕ) 15 ಇದ್ದಿದ್ದು 18ರವರೆಗೆ. ಬಿಲ್ಡರ್‌ಗಳು ಬಿಡ್ತಾರಾ? ಸಿಕ್ಸ್ತ್ ಅವೆನ್ಯೂ ಉದ್ದಕ್ಕೂ ಒಂದರ ಪಕ್ಕ ಒಂದು ಪ್ಲಾಜಾ ಬಂತು, ಗಾಳಿ ಬೀಸೋ, ಕೂರೋಕೆ ಜಾಗ ಇಲ್ಲದ, ಅಂಗಡಿ ಇಲ್ಲದ ಬರೀ ಕಲ್ಲು ಹಾಸು. ಸೀಗ್ರಾಮ್‌ನಲ್ಲಿ ಅದು ಚಂದ ಕಂಡಿದ್ದು ಸುತ್ತಲೂ ಗಟ್ಟಿ ಗೋಡೆ ಇದ್ದಿದ್ದಕ್ಕೆ. ಎಲ್ಲರೂ ಹಿಂದೆ ಸರಿದ ಮೇಲೆ ರಸ್ತೆಗೆ ಅಂಚೇ ಉಳೀಲಿಲ್ಲ.

ಆಮೇಲೆ ವಿಲಿಯಂ ಎಚ್. ವೈಟ್ ಅನ್ನೋರು ಎಪ್ಪತ್ತರ ದಶಕದಲ್ಲಿ ಕ್ಯಾಮೆರಾ ಇಟ್ಕೊಂಡು ಪ್ಲಾಜಾಗಳಲ್ಲಿ ಜನ ಏನ್ ಮಾಡ್ತಾರೆ ಅಂತ ದಿನಗಟ್ಟಲೆ ನೋಡಿದ್ರು. ಅವರಿಗೆ ಕಂಡಿದ್ದು ತುಂಬಾ ಸರಳ: ಕೂರೋಕೆ ಜಾಗ ಇದ್ರೆ ಜನ ಕೂರ್ತಾರೆ. ಸೀಗ್ರಾಮ್‌ನಲ್ಲಿ ಬೆಂಚ್ ಇಲ್ದಿದ್ರೂ ಮೆಟ್ಟಿಲು, ನೀರಿನ ಪಕ್ಕದ ಅಂಚು, ಬದಿಯ ಗಿಡ್ಡ ಗೋಡೆ ಎಲ್ಲಾ ಕೂರೋ ಎತ್ತರಕ್ಕೆ ಇದಾವೆ. ಆ ಕೆಲಸದಿಂದಲೇ 1975ರಲ್ಲಿ ನಿಯಮ ತಿದ್ದಿದ್ರು, ಪ್ಲಾಜಾದ ಪ್ರತಿ 30 ಚದರ ಅಡಿಗೆ ಒಂದು ಅಡಿ ಉದ್ದದ ಆಸನ ಕಡ್ಡಾಯ.

ಇನ್ನೊಂದು ಬೇಸರದ ವಿಷಯ. ಸೀಗ್ರಾಮ್‌ಗೆ ಊರಿನ ತೆರಿಗೆಯವರು ಬಾಡಿಗೆ ಆದಾಯ ನೋಡದೆ ಕಟ್ಟೋಕೆ ಆದ ಖರ್ಚಿನ ಕಡೆ ನೋಡಿ ಜಾಸ್ತಿ ತೆರಿಗೆ ಹಾಕಿದ್ರು. ಕಂಪನಿ ಕೋರ್ಟಿಗೆ ಹೋಯ್ತು, ಸೋತ್ತು. ಒಳ್ಳೇ ಸಾಮಾನು ಹಾಕಿ ಕಟ್ಟಿದ್ದಕ್ಕೆ ದಂಡ ಕಟ್ಟಿದ ಹಾಗಾಯ್ತು, ಅಗ್ಗದಲ್ಲಿ ಕಟ್ಟಿದವನಿಗೆ ಎಫ್‌ಎಆರ್ ಬೋನಸ್. ನಕಲುಗಳು ಯಾಕೆ ಹಾಗಾದ್ವು ಅಂತ ಕೇಳೋರು ಇದನ್ನೂ ಸೇರಿಸಿ ಯೋಚ್ನೆ ಮಾಡ್ಬೇಕು. ವಾಸ್ತುಶಿಲ್ಪಿಗಳ ತಲೆಗಿಂತ ಲೆಕ್ಕದ ಪುಸ್ತಕ ಜಾಸ್ತಿ ಕೆಲಸ ಮಾಡಿದೆ.

ಕಂಬ_ತೊಲೆ:

ಹಳೇನಕ್ಷೆ ಸರ್, ತುಂಬಾ ಥ್ಯಾಂಕ್ಸ್, ತೆರಿಗೆ ಕೇಸಿನ ಕಥೆ ಇಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲ್ಲ. ನೀವು ಹೇಳಿದ ಹೆಸರಿನ ವಿಷಯಕ್ಕೆ ಒಂದು ಸೇರಿಸ್ತೀನಿ. ಸೀಗ್ರಾಮ್ ಹಾಗೆ ಆಗೋಕೆ ಕಾರಣ ಫಿಲಿಸ್ ಲ್ಯಾಂಬರ್ಟ್, ಕಂಪನಿ ಮುಖ್ಯಸ್ಥ ಸ್ಯಾಮುಯೆಲ್ ಬ್ರಾನ್ಫ್‌ಮನ್ ಮಗಳು. 1954ರಲ್ಲಿ ಪ್ಯಾರಿಸ್‌ನಲ್ಲಿದ್ರು, 27 ವರ್ಷ. ಅಪ್ಪ ಕಳಿಸಿದ ಮೊದಲ ಡಿಸೈನ್ ನೋಡಿ ಬೇಡವೇ ಬೇಡ ಅಂತ ಉದ್ದ ಪತ್ರ ಬರೆದ್ರು, ಆಮೇಲೆ ತಾವೇ ಬಂದು ವಾಸ್ತುಶಿಲ್ಪಿಗಳನ್ನ ಹುಡುಕೋ ಜವಾಬ್ದಾರಿ ತಗೊಂಡು ಮೀಸ್‌ನ ಆರಿಸಿದ್ರು, ಕಟ್ಟಿ ಮುಗಿಯೋವರೆಗೂ ಜೊತೆಗೆ ನಿಂತ್ರು. ಒಳ್ಳೇ ಕಟ್ಟಡಕ್ಕೆ ಒಳ್ಳೇ ಮಾಲೀಕ ಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬಿಆರ್ಕ್_ಮೂರನೇವರ್ಷ:

ಸರ್ ಹೆಸರು ಅಂದಾಗ ಇದನ್ನೂ ಹೇಳ್ಬೇಕು. ಲಿವರ್ ಹೌಸ್ ಅಂದ್ರೆ ಎಲ್ಲಾ ಕಡೆ ಎಸ್‌ಓಎಂನ ಗಾರ್ಡನ್ ಬನ್‌ಶಾಫ್ಟ್ ಹೆಸರೇ ಬರುತ್ತೆ. ಅದರ ಡಿಸೈನ್‌ನಲ್ಲಿ ಅದೇ ಕಂಪನಿಯ ನಟಾಲಿ ಡಿ ಬ್ಲ್ವಾ ಅವರ ಕೈ ದೊಡ್ಡದು, ಪಾರ್ಕ್ ಅವೆನ್ಯೂದಲ್ಲೇ ಪೆಪ್ಸಿ-ಕೋಲಾ ಕಟ್ಟಡ, ಯೂನಿಯನ್ ಕಾರ್ಬೈಡ್ ಟವರ್ ಇವೆರಡರಲ್ಲೂ ಅವರೇ ಮುಖ್ಯ ಡಿಸೈನರ್. ಇಷ್ಟೆಲ್ಲಾ ಮಾಡಿ ಅಸೋಸಿಯೇಟ್ ಪಾರ್ಟ್‌ನರ್‌ವರೆಗೆ ಮಾತ್ರ ಹೋದ್ರು, ಪೂರ್ತಿ ಪಾರ್ಟ್‌ನರ್ ಮಾಡಲೇ ಇಲ್ಲ. ನಮ್ ಸಿಲಬಸ್‌ನಲ್ಲಿ ಅವರ ಹೆಸರೇ ಇಲ್ಲ, ನಾನೇ ಹುಡುಕಿ ಓದಿದ್ದು. ಪೆಪ್ಸಿ ಕಟ್ಟಡ ಬರೀ 11 ಅಂತಸ್ತು, ಆದ್ರೆ ಗಾಜಿನ ಹಲಗೆಗಳು ಅಷ್ಟು ದೊಡ್ಡವು, ಲೋಹ ಅಷ್ಟು ಸಣ್ಣದು, ಫೋಟೋ ನೋಡಿದಾಗಲೆಲ್ಲಾ ಖುಷಿಯಾಗುತ್ತೆ.

ಅಮೆರಿಕ ಬಿಟ್ಟು ಬೇರೆ ಯಾವ್ದು ನೋಡ್ಬೇಕು ಅಂತ ಹೇಳಿ ಪ್ಲೀಸ್.

ಗಾಜುಗೋಡೆ:

ಮಿಲಾನ್ ನೋಡಮ್ಮ. ಒಂದೇ ಊರು, ಒಂದೇ ಕಾಲ, ಎರಡು ಪೂರ್ತಿ ಬೇರೆ ಉತ್ತರ. ಪಿರೆಲ್ಲಿ ಟವರ್, ಜಿಯೊ ಪೊಂಟಿ ವಾಸ್ತುಶಿಲ್ಪಿ, ಪಿಯರ್ ಲುಯಿಜಿ ನೆರ್ವಿ ಸ್ಟ್ರಕ್ಚರ್, 127 ಮೀಟರ್, ಉಕ್ಕಲ್ಲ, ಕಾಂಕ್ರೀಟ್. ನಕ್ಷೆ ಮೇಲಿಂದ ನೋಡಿದ್ರೆ ಎರಡೂ ತುದಿ ಚೂಪಾಗ್ತಾ ಹೋಗುತ್ತೆ, ಒಳಗಿನ ದೊಡ್ಡ ಕಂಬಗಳು ಮೇಲೆ ಹೋದ ಹಾಗೆ ತೆಳ್ಳಗಾಗ್ತಾವೆ ಯಾಕಂದ್ರೆ ಮೇಲೆ ಭಾರ ಕಮ್ಮಿ. ಸ್ಟ್ರಕ್ಚರೇ ಆಕಾರ ಕೊಟ್ಟಿದೆ. ಇನ್ನೊಂದು ಟೊರ್ರೆ ವೆಲಾಸ್ಕ, ಬಿಬಿಪಿಆರ್ ಅನ್ನೋ ತಂಡದ್ದು, 1958. ಕೆಳಗೆ ಆಫೀಸು, ಮೇಲೆ ಮನೆಗಳು, ಮನೆಗೆ ಜಾಸ್ತಿ ಜಾಗ ಬೇಕು ಅಂತ ಮೇಲ್ಭಾಗ ಅಗಲ, ಅದನ್ನ ಓರೆ ಕಂಬಗಳು ಹೊತ್ತಿದಾವೆ. ಹಳೇ ಕೋಟೆ ಗೋಪುರದ ನೆನಪು ತರುತ್ತೆ. 1959ರಲ್ಲಿ ನೆದರ್‌ಲ್ಯಾಂಡ್ಸ್‌ನ ಓಟರ್ಲೋದಲ್ಲಿ ನಡೆದ ವಾಸ್ತುಶಿಲ್ಪಿಗಳ ಸಭೆಯಲ್ಲಿ ಆಧುನಿಕರೆಲ್ಲಾ ಸೇರಿ ಇದನ್ನ ಹಿಗ್ಗಾಮುಗ್ಗಾ ಬೈದ್ರು, ಹಿಂದಕ್ಕೆ ಹೋಗ್ತಿದೀರ ಅಂತ. ನಂಗಂತೂ ಎರಡರಲ್ಲಿ ವೆಲಾಸ್ಕನೇ ಜಾಸ್ತಿ ಧೈರ್ಯದ ಕಟ್ಟಡ ಅನ್ಸುತ್ತೆ.

ಪಿರೆಲ್ಲಿ ಬಗ್ಗೆ ನನ್ ಕೆಲಸಕ್ಕೆ ಸಂಬಂಧಪಟ್ಟ ಒಂದು ವಿಷಯ. 2002ರ ಏಪ್ರಿಲ್‌ನಲ್ಲಿ ಸಣ್ಣ ವಿಮಾನ ಬಂದು 26ನೇ ಅಂತಸ್ತಿಗೆ ಬಡೀತು, ಮೂರು ಜನ ಸತ್ರು. ಕಾಂಕ್ರೀಟ್ ಸ್ಟ್ರಕ್ಚರ್ ತಡ್ಕೊಳ್ತು. ರಿಪೇರಿ ಮಾಡುವಾಗ ಅವರು ಹಳೇ ಅಲ್ಯೂಮಿನಿಯಂ ಚೌಕಟ್ಟುಗಳನ್ನ ಬಿಚ್ಚಿ ಸರಿ ಮಾಡಿ ವಾಪಸ್ ಕೂರಿಸಿದ್ರು. ಲಿವರ್ ಹೌಸ್‌ನಲ್ಲಿ ಎಲ್ಲಾ ಹೊಸದು. ಯಾವ್ದು ಸರಿ? ಸಾಧ್ಯ ಇದ್ದ ಕಡೆ ಮಿಲಾನ್‌ನವರ ದಾರಿನೇ ಸರಿ ಅಂತೀನಿ ನಾನು. ಆದ್ರೆ ಲಿವರ್ ಹೌಸ್‌ನ ಒಳಗಿನ ಉಕ್ಕೇ ಕೊಳೆತಿತ್ತು, ಅಲ್ಲಿ ಉಳಿಸೋಕೆ ಏನೂ ಇರಲಿಲ್ಲ.

ಶಿಕಾಗೋದ ಇನ್‌ಲ್ಯಾಂಡ್ ಸ್ಟೀಲ್ ಕೂಡಾ ಮರೀಬೇಡ. ಲಿಫ್ಟು, ಮೆಟ್ಟಿಲು, ಟಾಯ್ಲೆಟ್, ಡಕ್ಟು ಎಲ್ಲಾ ಪಕ್ಕದ ಇನ್ನೊಂದು ಟವರ್‌ಗೆ ತಳ್ಳಿ, ಕಂಬಗಳನ್ನ ಹೊರಗಂಚಿಗೆ ತಂದು, 58 ಅಡಿ ಅಗಲದ ಆಫೀಸ್ ಮಹಡಿಯಲ್ಲಿ ಒಂದೇ ಒಂದು ಕಂಬ ಇಲ್ಲದ ಹಾಗೆ ಮಾಡಿದಾರೆ. ಬ್ರೂಸ್ ಗ್ರಹಾಂ, ವಾಲ್ಟರ್ ನೆಟ್ಶ್ ಕೆಲಸ.

ಹಳೇನಕ್ಷೆ:

ಬೆಂಕಿ ಬಗ್ಗೆ ಯಾರೂ ಹೇಳ್ಲಿಲ್ಲ. ಸೀಲ್ ಮಾಡಿದ ಕಟ್ಟಡದಲ್ಲಿ ಹೊಗೆ ಹೊರಗೆ ಹೋಗಲ್ಲ, ಎಸಿ ಡಕ್ಟಲ್ಲೇ ಅಂತಸ್ತಿಂದ ಅಂತಸ್ತಿಗೆ ಹಬ್ಬುತ್ತೆ. 1970ರ ಆಗಸ್ಟಲ್ಲಿ ಒನ್ ನ್ಯೂಯಾರ್ಕ್ ಪ್ಲಾಜಾದಲ್ಲಿ ಬೆಂಕಿ ಬಿದ್ದಾಗ ಆ ಕಾಲದ ಲಿಫ್ಟ್ ಬಟನ್ ಬಿಸಿಗೇ ಒತ್ತಿದ ಹಾಗಾಗಿ ಲಿಫ್ಟು ಬೆಂಕಿ ಇದ್ದ ಮಹಡಿಗೇ ಹೋಗಿ ನಿಲ್ತು, ಇಬ್ಬರು ಗಾರ್ಡ್‌ಗಳು ಸತ್ರು. 1973ರ ಲೋಕಲ್ ಲಾ 5 (ನ್ಯೂಯಾರ್ಕ್‌ನ ಎತ್ತರದ ಕಟ್ಟಡಗಳ ಬೆಂಕಿ ಸುರಕ್ಷತೆ ಕಾನೂನು) ಬಂದಿದ್ದು ಅದರಿಂದ. 1974ರಲ್ಲಿ ಸಾವೊ ಪಾಲೊದ ಜೊಯೆಲ್ಮಾ ಕಟ್ಟಡದಲ್ಲಿ ಎಸಿ ಶಾರ್ಟ್ ಸರ್ಕ್ಯೂಟಿಂದ ಹತ್ತಿದ ಬೆಂಕಿಗೆ ನೂರಾರು ಜನ ಹೋದ್ರು, 25 ಅಂತಸ್ತಿಗೆ ಒಂದೇ ಮೆಟ್ಟಿಲು. ಇವತ್ತು ಎತ್ತರದ ಕಟ್ಟಡದಲ್ಲಿ ಸ್ಪ್ರಿಂಕ್ಲರ್, ಒತ್ತಡದ ಗಾಳಿ ಇರೋ ಮೆಟ್ಟಿಲುಗೂಡು, ಬೆಂಕಿ ಸಮಯದಲ್ಲಿ ತಾನಾಗೇ ಕೆಳಗೆ ಬರೋ ಲಿಫ್ಟು ನೋಡ್ತೀವಲ್ಲ, ಪ್ರತಿಯೊಂದರ ಹಿಂದೆ ಇಂಥ ಸಾವುಗಳಿದಾವೆ. ಸೌಂದರ್ಯದ ಜೊತೆ ಇದನ್ನೂ ಪಾಠದಲ್ಲಿ ಹೇಳಿಕೊಡಬೇಕು.

ನೆರಳುಬೆಳಕು:

ಸರಿ ಹಾಗಾದ್ರೆ ನೇರ ಪ್ರಶ್ನೆ. ಬಿಸಿಲು ತಡೆಯಲ್ಲ, ನೀರು ಸೋರುತ್ತೆ, ಕರೆಂಟ್ ಕುಡಿಯುತ್ತೆ, ಎಷ್ಟೋ ಕಡೆ ಉಕ್ಕಿನ ಮೇಲೆ ಆಸ್ಬೆಸ್ಟಾಸ್ ಬೇರೆ ಸಿಂಪಡಿಸಿದಾರೆ. ಕೆಡವಿ ಹೊಸದು ಕಟ್ಟೋದು ಯಾಕೆ ತಪ್ಪು?

ಕಂಬ_ತೊಲೆ:

ಯೂನಿಯನ್ ಕಾರ್ಬೈಡ್ ಕಥೆ ಕೇಳಿ ಮೇಡಂ, 270 ಪಾರ್ಕ್ ಅವೆನ್ಯೂ, ಆಗಲೇ ಹೆಸರು ಬಂತು. 1960ರದ್ದು, 52 ಅಂತಸ್ತು, 215 ಮೀಟರ್. ಕೆಳಗೆ ರೈಲು ಹಳಿಗಳು ಹಾದು ಹೋಗೋದ್ರಿಂದ ಲಿಫ್ಟಿಗೆ ಗುಂಡಿ ತೋಡೋಕೆ ಜಾಗ ಇಲ್ಲ, ಅದಕ್ಕೆ ಲಿಫ್ಟ್ ಲಾಬಿನೇ ಎರಡನೇ ಮಹಡಿಗೆ ಎತ್ತಿ ಎಸ್ಕಲೇಟರ್‌ನಲ್ಲಿ ಜನನ ಮೇಲೆ ಕರ್ಕೊಂಡು ಹೋಗ್ತಿದ್ರು. ಎಂಥ ಚಂದದ ಪರಿಹಾರ! ಇದನ್ನ 2012ರ ಹೊತ್ತಿಗೆ ಪೂರ್ತಿ ನವೀಕರಿಸಿ ಲೀಡ್ ಪ್ಲಾಟಿನಂ (ಪರಿಸರಸ್ನೇಹಿ ಕಟ್ಟಡಕ್ಕೆ ಕೊಡೋ ಅತಿ ಮೇಲಿನ ದರ್ಜೆ) ಸರ್ಟಿಫಿಕೇಟ್ ತಗೊಂಡಿದ್ರು. ಅಂದ್ರೆ ಹಳೇ ಟವರನ್ನ ಸರಿ ಮಾಡಬಹುದು ಅಂತ ಅಲ್ಲೇ ಸಾಬೀತಾಗಿತ್ತು. ಆಮೇಲೆ 2019ರಿಂದ 2021ರ ಒಳಗೆ ಅದನ್ನೇ ಕೆಡವಿದ್ರು, ಮಾಲೀಕರು ತಾವಾಗೇ ಕೆಡವಿದ ಕಟ್ಟಡಗಳಲ್ಲಿ ಪ್ರಪಂಚದಲ್ಲೇ ಅತಿ ಎತ್ತರದ್ದು ಅದು. ಅದೇ ಜಾಗದಲ್ಲಿ 420 ಮೀಟರ್ ದಾಟಿದ ಹೊಸ ಟವರ್ ಎದ್ದಿದೆ.

ಹೊಸದು ಪೂರ್ತಿ ವಿದ್ಯುತ್ ಮೇಲೆ ಓಡುತ್ತೆ, ದಕ್ಷತೆ ಜಾಸ್ತಿ ಅಂತಾರೆ. ಇರಬಹುದು. ಆದ್ರೆ ಆ ಹಳೇ ಉಕ್ಕು, ಕಾಂಕ್ರೀಟ್ ತಯಾರಾದಾಗ ಆದ ಇಂಗಾಲದ ಖರ್ಚು ಆಗಲೇ ಆಗಿ ಹೋಗಿತ್ತು. ಕೆಡವಿದ್ರೆ ಅದು ನೀರಲ್ಲಿ ಹೋಮ, ಮೇಲಿಂದ ಹೊಸ ಉಕ್ಕಿನ ಖರ್ಚು ಬೇರೆ. ಲ್ಯಾಂಡ್‌ಮಾರ್ಕ್ ಪಟ್ಟಿಯಲ್ಲಿ ಇರಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಇಂಥದ್ದೊಂದು ಹೋಯ್ತಲ್ಲ ಅಂತ ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ, ಅದರಲ್ಲೂ ನಟಾಲಿ ಡಿ ಬ್ಲ್ವಾ ಅವರ ಅತಿ ದೊಡ್ಡ ಕೆಲಸಗಳಲ್ಲಿ ಒಂದು.

ನೆರಳುಬೆಳಕು:

ಇಂಗಾಲದ ವಾದ ಒಪ್ತೀನಿ. ಆದ್ರೆ ಉಳಿಸೋದು ಅಂದ್ರೆ ಹೊರಗಿನ ಚಂದ ಮಾತ್ರ ಉಳಿಸೋದಾಗಬಾರ್ದು. ಒಳಗಿರೋರಿಗೆ ತೆಗೆಯೋ ಕಿಟಕಿ, ನೆರಳು, ತಮ್ಮ ಕೈಲಿರೋ ಪರದೆ ಬೇಕು. ಮನೆಗಳಾಗಿ ಬದಲಾಯಿಸೋದು ಆಗುತ್ತಾ? ಎಲ್ಲಾ ಕಡೆ ಆಫೀಸುಗಳು ಖಾಲಿ ಬಿದ್ದಿವೆ ಅಂತ ಕೇಳ್ತೀವಿ.

ಗಾಜುಗೋಡೆ:

ಆಗುತ್ತೆ, ಆದ್ರೆ ಎಲ್ಲದಕ್ಕೂ ಆಗಲ್ಲ. ನಾನು ಮೊದ್ಲು ಕೇಳೋದು ಗಾಜಿನಿಂದ ಕೋರ್‌ಗೆ ಎಷ್ಟು ದೂರ ಅಂತ. ಐವತ್ತರ ದಶಕದ ತೆಳು ಟವರ್‌ಗಳಾದ್ರೆ, ಲಿವರ್ ಹೌಸ್, ಪಿರೆಲ್ಲಿ ಥರದವು, ಸುಲಭ, ಎಲ್ಲಾ ರೂಮಿಗೂ ಬೆಳಕು ಸಿಗುತ್ತೆ. ಅರವತ್ತು ಎಪ್ಪತ್ತರ ದಶಕದ ದಪ್ಪ ಟವರ್‌ಗಳಲ್ಲಿ ಮಧ್ಯದ ಜಾಗ ಕತ್ತಲೆ, ಅಲ್ಲಿ ಮಲಗೋ ಕೋಣೆ ಮಾಡೋಕೆ ಆಗಲ್ಲ, ಕೆಲವು ಕಡೆ ನಡುವೆ ಸ್ಲ್ಯಾಬ್ ಕತ್ತರಿಸಿ ಬೆಳಕಿನ ಬಾವಿ ಮಾಡ್ಬೇಕಾಗುತ್ತೆ. ಎರಡನೇದು ಟಾಯ್ಲೆಟ್ ಪೈಪು. ಆಫೀಸಲ್ಲಿ ಎಲ್ಲಾ ಕೋರ್ ಪಕ್ಕ ಒಂದೇ ಕಡೆ ಇರುತ್ತೆ, ಮನೆಗೆ ಪ್ರತಿ ಫ್ಲ್ಯಾಟಿಗೂ ಬೇಕು, ಅಂದ್ರೆ ಸ್ಲ್ಯಾಬಲ್ಲಿ ನೂರಾರು ತೂತು.

ಕಿಟಕಿ ವಿಷಯಕ್ಕೆ ಬಂದ್ರೆ, ತೆಗೆಯೋ ಕಿಟಕಿ ಅಸಾಧ್ಯ ಏನಲ್ಲ. ಪಿಟ್ಸ್‌ಬರ್ಗ್‌ನ ಅಲ್ಕೋವಾ ಕಟ್ಟಡದಲ್ಲಿ 1953ರಲ್ಲೇ ಕಿಟಕಿಗಳು ಪೂರ್ತಿ ಸುತ್ತು ತಿರುಗ್ತಿದ್ವು, ಒಳಗಿಂದಲೇ ಹೊರಮೈ ಒರೆಸಬಹುದು, ಸುತ್ತಲಿನ ರಬ್ಬರಿಗೆ ಗಾಳಿ ತುಂಬಿದ್ರೆ ಮತ್ತೆ ಸೀಲ್. ಎರಡು ಪದರದ ಗಾಜು ಹಾಕೋದಾದ್ರೆ ತೂಕ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ, ಹಳೇ ಮುಲಿಯನ್, ಅದನ್ನ ಸ್ಲ್ಯಾಬಿಗೆ ಹಿಡಿದಿರೋ ಬ್ರಾಕೆಟ್ ತಡ್ಕೊಳುತ್ತಾ ಅಂತ ಮೊದ್ಲೇ ಲೆಕ್ಕ ಹಾಕ್ಬೇಕು. ಎರಡು ಪದರದ ಗಾಜು ಅಂತ ಕಣ್ಮುಚ್ಚಿ ನಂಬೋದೂ ಬೇಡ. ಬಾಸ್ಟನ್‌ನ ಜಾನ್ ಹ್ಯಾನ್ಕಾಕ್ ಟವರ್‌ನಲ್ಲಿ ಎರಡು ಗಾಜಿನ ಮಧ್ಯದ ಸೀಸದ ಬೆಸುಗೆ ತೀರಾ ಬಿಗಿ ಆಗಿ, ಗಾಜು ಅಲುಗಾಡೋಕೆ ಜಾಗ ಇಲ್ದೆ ಒಡೆದು ಒಡೆದು ರಸ್ತೆಗೆ ಬಿದ್ದು, ಕೊನೆಗೆ 10,344 ಹಲಗೆಗಳನ್ನೂ ಬದಲಾಯಿಸ್ಬೇಕಾಯ್ತು, ಒಂದೊಂದು ಸುಮಾರು 227 ಕೆಜಿ.

ಹಾಗಾಗಿ ಯಾರಾದ್ರೂ ಹಳೇ ಟವರ್ ಉಳಿಸೋಣ ಅಂತ ಬಂದ್ರೆ ನಾನು ಮೊದ್ಲು ಒಂದು ಅಂತಸ್ತಲ್ಲಿ ನಾಲ್ಕು ದಿಕ್ಕಿಗೆ ಒಂದೊಂದು ಪ್ಯಾನೆಲ್ ಬಿಚ್ಚಿಸ್ತೀನಿ, ಒಳಗಿನ ಬ್ರಾಕೆಟ್, ಬೋಲ್ಟು, ತುಕ್ಕು ಎಲ್ಲಾ ಕಣ್ಣಾರೆ ನೋಡ್ತೀನಿ, ಆಸ್ಬೆಸ್ಟಾಸ್ ಸ್ಯಾಂಪಲ್ ಲ್ಯಾಬಿಗೆ ಕಳಿಸ್ತೀನಿ. ಮೂಲ ಕಂಪನಿಯ ಶಾಪ್ ಡ್ರಾಯಿಂಗ್ (ಭಾಗಗಳನ್ನ ತಯಾರಿಸೋಕೆ ಮಾಡಿದ ವಿವರವಾದ ನಕ್ಷೆ) ಸಿಕ್ಕಿದ್ರೆ ಅರ್ಧ ಕೆಲಸ ಆದ ಹಾಗೆ, ಯಾರ ಹತ್ರನಾದ್ರೂ ಆ ಕಾಲದ ಕರ್ಟನ್ ವಾಲ್ ಶಾಪ್ ಡ್ರಾಯಿಂಗ್ ಇದ್ರೆ ದಯವಿಟ್ಟು ಬಿಸಾಕಬೇಡಿ, ಸ್ಕ್ಯಾನ್ ಮಾಡಿ ಇಟ್ಕೊಳ್ಳಿ.

ಬಿಆರ್ಕ್_ಮೂರನೇವರ್ಷ:

ಸರ್ ನನ್ ಥೀಸಿಸ್‌ಗೆ ಇದನ್ನೇ ತಗೊಳ್ತೀನಿ, ತೆಳು ಟವರ್ ಒಂದನ್ನ ಮನೆಗಳಾಗಿ ಮಾಡೋದು, ಬಿಸಿಲಿನ ಮುಖಕ್ಕೆ ರಿಯೊ ಕಟ್ಟಡದ ಥರ ತಿರುಗೋ ಹಲಗೆ ಇಟ್ಟು. ಬ್ರಾಕೆಟ್ ಲೆಕ್ಕ ಮಾಡಿದ ಮೇಲೆ ಇಲ್ಲಿ ಹಾಕ್ತೀನಿ, ಗಾಜುಗೋಡೆ ಸರ್ ನೀವು ನೋಡಿ ಹೇಳ್ಬೇಕು.

ಗಾಜುಗೋಡೆ:

ಹಾಕಮ್ಮ, ನೋಡ್ತೀನಿ. ಹಲಗೆಗಳ ಮೇಲೆ ಬೀಳೋ ಗಾಳಿ ಒತ್ತಡ ಬೇರೆ ಲೆಕ್ಕ ಹಾಕು, ಮೂಲೆಗಳಲ್ಲಿ ಅದು ನಡುವಿಗಿಂತ ಜಾಸ್ತಿ ಇರುತ್ತೆ.